ಉಗುರಿನ ಫಂಗಸ್: ಲ್ಯಾಕರ್ ಹಚ್ಚಿ ಎರಡು ತಿಂಗಳಾಯಿತು, ಗುಣವೇಕೆ ಕಾಣುತ್ತಿಲ್ಲ?

ಪ್ರಶ್ನೆ: ನನಗೆ 46 ವರ್ಷ. ಬಲಗಾಲಿನ ಹೆಬ್ಬೆರಳಿನ ಉಗುರು ತುದಿಯ ಕಡೆಯಿಂದ ಹಳದಿಗಟ್ಟಿ ದಪ್ಪವಾಗಿದ್ದು, ಕತ್ತರಿಸುವಾಗ ಪುಡಿಪುಡಿಯಾಗಿ ಉದುರುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ 5% ಅಮೊರಾಲ್ಫಿನ್ ಲ್ಯಾಕರ್ (ನೇಲ್ ಪಾಲಿಶ್‌ನಂತೆ ಉಗುರಿಗೆ ಬಳಿಯುವ ಫಂಗಸ್ ಔಷಧ) ತಂದು ವಾರಕ್ಕೊಮ್ಮೆ ಹಚ್ಚುತ್ತಿದ್ದೇನೆ. ಎರಡು ತಿಂಗಳು ಕಳೆದರೂ ಹಳದಿ ಬಣ್ಣ ಹಾಗೆಯೇ ಇದೆ. ದಿನವೂ ಹಚ್ಚಿದರೆ ಬೇಗ ಗುಣವಾಗುತ್ತದೆಯೇ? ಅಥವಾ ಇದನ್ನು ಬಿಟ್ಟು ಮಾತ್ರೆ ತೆಗೆದುಕೊಳ್ಳಲೇ?

ಉತ್ತರ: ದಿನವೂ ಹಚ್ಚುವುದರಿಂದ ಪ್ರಯೋಜನವಿಲ್ಲ, ಎರಡೇ ತಿಂಗಳಿಗೆ ಬಿಟ್ಟುಬಿಡುವುದೂ ಸರಿಯಲ್ಲ. ಲ್ಯಾಕರ್ ಹಚ್ಚುವವರಲ್ಲಿ ಬಹಳ ಮಂದಿ ಈ ಹಂತದಲ್ಲಿಯೇ ಕೈಚೆಲ್ಲುತ್ತಾರೆ. ಹಳದಿಯಾದ ಉಗುರು ಔಷಧದಿಂದ ಮತ್ತೆ ತಿಳಿಯಾಗಬೇಕು ಎಂಬ ನಿರೀಕ್ಷೆಯೇ ಅದಕ್ಕೆ ಕಾರಣ. ಹೊರಗೆ ಕಾಣುವ ಉಗುರು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ಜೀವವಿಲ್ಲದ ಪದರವಾದ್ದರಿಂದ, ಒಮ್ಮೆ ಕೆಟ್ಟ ಭಾಗ ತನ್ನಷ್ಟಕ್ಕೆ ಸರಿಹೋಗಲಾರದು; ಅದು ಬೆಳೆಯುತ್ತ ಮುಂದಕ್ಕೆ ಸರಿದು, ಕತ್ತರಿಗೆ ಸಿಕ್ಕಿ ಹೋಗಬೇಕಷ್ಟೆ. ಬುಡದಿಂದ ಹೊಸದಾಗಿ ಬರುವ ಉಗುರಿಗೆ ಫಂಗಸ್ ಹಬ್ಬದಂತೆ ತಡೆಯುವುದು ಲ್ಯಾಕರಿನ ಕೆಲಸ. ಕಾಲಿನ ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು 1ರಿಂದ 1.5 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಎರಡು ತಿಂಗಳಲ್ಲಿ ನಿಮ್ಮ ಉಗುರು ಬೆಳೆದಿರುವುದು ಹೆಚ್ಚೆಂದರೆ 3 ಮಿಲಿಮೀಟರ್. ಇಡೀ ಉಗುರು ಹೊಸದಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ. ಕೈಬೆರಳಿನ ಉಗುರಿಗಾದರೆ ಆರು ತಿಂಗಳು ಸಾಕು.

ಹಾಗಾದರೆ ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಉಗುರಿನ ತುದಿಯನ್ನಲ್ಲ, ಬುಡದ ಕಡೆಯನ್ನು ಗಮನಿಸಿ. ಹಳದಿ ಭಾಗವೂ ಆರೋಗ್ಯವಾದ ಭಾಗವೂ ಕೂಡುವ ಗಡಿಯಲ್ಲಿ, ಉಗುರಿನ ಮೇಲ್ಮೈಯಲ್ಲಿ ಉಗುರು ಉಜ್ಜುವ ಅರದ ಅಂಚಿನಿಂದ ತೆಳುವಾದ ಗೀರೊಂದನ್ನು ಎಳೆಯಿರಿ. ಉಗುರು ಬೆಳೆದಂತೆ ಆ ಗೀರು ಮುಂದಕ್ಕೆ ಸಾಗುತ್ತದೆ. ಹಳದಿಯ ಗಡಿಯೂ ಅದರ ಜೊತೆಯಲ್ಲೇ ಮುಂದಕ್ಕೆ ಹೋಗಿ, ಗೀರಿನ ಹಿಂದೆ ತಿಳಿಯಾದ ಉಗುರಿನ ಪಟ್ಟಿ ಅಗಲವಾಗುತ್ತಿದ್ದರೆ ಲ್ಯಾಕರ್ ಗೆಲ್ಲುತ್ತಿದೆ ಎಂದರ್ಥ. ಗೀರನ್ನು ದಾಟಿ ಹಳದಿ ಬಣ್ಣ ಬುಡದತ್ತ ನುಗ್ಗಿದ್ದರೆ ಸೋಂಕು ಮುಂದುವರಿದಿದೆ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಹೋಲಿಸುವುದು ಸುಲಭ.

ಹಚ್ಚುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ದಪ್ಪಗಾದ ಉಗುರಿನೊಳಕ್ಕೆ ಔಷಧ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಮೊದಲು ಉಗುರನ್ನು ಗಿಡ್ಡವಾಗಿ ಕತ್ತರಿಸಿ, ಕೆಟ್ಟ ಭಾಗದ ಮೇಲ್ಮೈಯನ್ನು ಪೊಟ್ಟಣದಲ್ಲಿ ಬಂದ ಅರದಿಂದ ಸಾಧ್ಯವಾದಷ್ಟು ತೆಳುವಾಗುವಂತೆ ಉಜ್ಜಬೇಕು. ಸುತ್ತಲಿನ ಚರ್ಮಕ್ಕೆ ಅರ ತಾಗಬಾರದು, ಮತ್ತು ಅದೇ ಅರವನ್ನು ಆರೋಗ್ಯವಾದ ಉಗುರಿಗೆ ಎಂದಿಗೂ ಬಳಸಬಾರದು. ನಂತರ ಸ್ಪಿರಿಟ್ ಸವರಿದ ಹತ್ತಿಯಿಂದ ಉಗುರನ್ನು ಚೆನ್ನಾಗಿ ಒರೆಸಿದರೆ ಅರದ ಪುಡಿ, ಎಣ್ಣೆಯಂಶ ಮತ್ತು ಹಳೆಯ ಲ್ಯಾಕರಿನ ಪದರ ಎಲ್ಲವೂ ಹೋಗುತ್ತವೆ. ಈ ಹಂತವನ್ನು ಬಿಟ್ಟರೆ ಹೊಸ ಔಷಧ ಹಳೆಯ ಪದರದ ಮೇಲೆ ಕೂರುತ್ತದೆಯೇ ಹೊರತು ಉಗುರನ್ನು ಮುಟ್ಟುವುದಿಲ್ಲ. ಆಮೇಲೆ ಉಗುರಿನ ಪೂರ್ತಿ ಮೇಲ್ಮೈಗೆ ತೆಳುವಾಗಿ ಹಚ್ಚಿ, ಒಣಗಲು ಮೂರರಿಂದ ಐದು ನಿಮಿಷ ಬಿಡಿ. ದ್ರಾವಕ ಆರಿದ ಮೇಲೆ ಉಳಿಯುವ ಪದರದಿಂದ ಔಷಧ ದಿನಗಟ್ಟಲೆ ನಿಧಾನವಾಗಿ ಇಳಿಯುತ್ತಿರುತ್ತದೆ. ಅಮೊರಾಲ್ಫಿನನ್ನು ವಾರಕ್ಕೆ ಒಂದು ಅಥವಾ ಎರಡು ಸಲ ಹಚ್ಚಿದರೆ ಸಾಲುವುದು ಈ ಕಾರಣದಿಂದಲೇ. 8% ಸೈಕ್ಲೊಪಿರಾಕ್ಸ್ ಲ್ಯಾಕರಿನ ಕ್ರಮವೇ ಬೇರೆ: ಅದನ್ನು ದಿನವೂ ಹಿಂದಿನ ಪದರದ ಮೇಲೆಯೇ ಹಚ್ಚಿ, ವಾರಕ್ಕೊಮ್ಮೆ ಸ್ಪಿರಿಟಿನಿಂದ ಒರೆಸಿ ತೆಗೆಯಬೇಕು. ಒಂದರ ಕ್ರಮವನ್ನು ಇನ್ನೊಂದಕ್ಕೆ ಅನ್ವಯಿಸಬೇಡಿ. ಕಾಲಿನ ಉಗುರಿಗೆ ಅಮೊರಾಲ್ಫಿನ್ ಬಳಕೆ ಸಾಮಾನ್ಯವಾಗಿ 9ರಿಂದ 12 ತಿಂಗಳು ನಡೆಯಬೇಕಾಗುತ್ತದೆ.

ಬೆರಳ ಸಂದುಗಳನ್ನೂ ಪಾದದ ಅಂಚನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಸಿಪ್ಪೆ ಏಳುವುದು, ಬೆಳ್ಳಗೆ ಒದ್ದೆಯಾದಂತೆ ಕಾಣುವುದು, ತುರಿಕೆ ಇವುಗಳಲ್ಲಿ ಯಾವುದಿದ್ದರೂ ಅದಕ್ಕೆ ಬೇರೆಯಾಗಿ ಫಂಗಸ್ ಮುಲಾಮು ಹಚ್ಚಲೇಬೇಕು. ಇಲ್ಲವಾದರೆ ಚರ್ಮದಲ್ಲಿರುವ ಫಂಗಸ್ ಉಗುರಿಗೆ ಮತ್ತೆ ಮತ್ತೆ ಹಬ್ಬುತ್ತಿರುತ್ತದೆ.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತಿದೆ. ನಿಮ್ಮದು ಫಂಗಸ್ಸೇ ಎಂದು ಪರೀಕ್ಷೆಯಿಂದ ಖಚಿತವಾಗಿದೆಯೇ? ಆಕಾರ ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಸೋರಿಯಾಸಿಸ್ ಎಂಬ ಚರ್ಮರೋಗ ಇದ್ದಾಗಲೂ, ಬಿಗಿಯಾದ ಶೂ ವರ್ಷಗಟ್ಟಲೆ ಒತ್ತಿದಾಗಲೂ ಉಗುರು ಇದೇ ರೀತಿ ಹಳದಿಗಟ್ಟಿ ದಪ್ಪವಾಗಬಹುದು, ಮತ್ತು ಅವುಗಳಿಗೆ ಈ ಲ್ಯಾಕರಿನಿಂದ ಏನೂ ಆಗದು. ಉಗುರಿನ ಚೂರನ್ನೂ ಅದರ ಅಡಿಯ ಪುಡಿಯನ್ನೂ ಸೂಕ್ಷ್ಮದರ್ಶಕದಡಿ ನೋಡುವ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಪರೀಕ್ಷೆ ಸರಳವಾದದ್ದು. ಫಂಗಸ್ಸನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಕೆಲವು ವಾರ ಬೇಕು. ಔಷಧ ಹಚ್ಚಿದ ಉಗುರಿನಲ್ಲಿ ಫಂಗಸ್ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದಾದ್ದರಿಂದ, ಲ್ಯಾಕರ್ ಬಳಸುತ್ತಿರುವುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಉಗುರಿನಲ್ಲಿ ಹೊಸದಾಗಿ ಕಪ್ಪು ಅಥವಾ ಕಂದು ಪಟ್ಟೆ ಮೂಡಿದ್ದರೆ ಲ್ಯಾಕರಿನ ಯೋಚನೆಯನ್ನು ಬದಿಗಿಟ್ಟು ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಬಹುದು.

ಮಾತ್ರೆಯ ವಿಷಯ. ಲ್ಯಾಕರ್ ಒಂದನ್ನೇ ನಂಬಿದವರಲ್ಲಿ ಉಗುರು ಪೂರ್ತಿ ಸ್ವಚ್ಛವಾಗುವವರು ಕಡಿಮೆ. ಸೈಕ್ಲೊಪಿರಾಕ್ಸ್ ಪ್ರಯೋಗಗಳಲ್ಲಿ ಆ ಸಂಖ್ಯೆ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ ಇತ್ತು. ಒಂದೆರಡು ಉಗುರುಗಳಲ್ಲಿ, ತುದಿಯ ಅರ್ಧಕ್ಕಿಂತ ಕಡಿಮೆ ಭಾಗಕ್ಕಷ್ಟೇ ಸೋಂಕು ತಗುಲಿದ್ದರೆ ಲ್ಯಾಕರಿನಿಂದ ಒಳ್ಳೆಯ ಫಲ ನಿರೀಕ್ಷಿಸಬಹುದು, ಮತ್ತು ನಿಮ್ಮ ವಿವರಣೆ ಅದಕ್ಕೆ ಹೊಂದುತ್ತದೆ. ಸೋಂಕು ಬುಡಕ್ಕೆ ಇಳಿದಿದ್ದರೆ ಅಥವಾ ಹಲವು ಉಗುರುಗಳಿಗೆ ಹಬ್ಬಿದ್ದರೆ ಮಾತ್ರೆಯೇ ಮೇಲು. ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ಕಾಲಿನ ಉಗುರಿಗೆ ದಿನಕ್ಕೊಂದರಂತೆ 12 ವಾರ ಕೊಡುವುದು ರೂಢಿ. ಅದು ಅಪರೂಪವಾಗಿ ಯಕೃತ್ತಿಗೆ ತೊಂದರೆ ಕೊಡಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸದೆ, ಬೇರೆ ಔಷಧಗಳ ವಿವರ ಹೇಳದೆ, ಸ್ವಂತ ನಿರ್ಧಾರದಿಂದ ಆರಂಭಿಸಬೇಡಿ.

ಪ್ರಶ್ನೆ: ನಮ್ಮ ತಾಯಿಗೆ 70 ವರ್ಷ, ಸಕ್ಕರೆ ಕಾಯಿಲೆ ಇದೆ. ಅವರ ಉಗುರಿಗೂ ಮನೆಯಲ್ಲೇ ಲ್ಯಾಕರ್ ಹಚ್ಚಬಹುದೇ?

ಉತ್ತರ: ವೈದ್ಯರು ಪಾದವನ್ನು ನೋಡಿದ ಮೇಲೆಯೇ ಹಚ್ಚಿ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರುವುದರಿಂದ, ಅರ ಉಜ್ಜುವಾಗ ಗಾಯವಾದರೂ ಅವರಿಗೆ ನೋವು ತಿಳಿಯದೆ ಹೋಗಬಹುದು. ರಕ್ತಸಂಚಾರ ಕಡಿಮೆಯಿದ್ದರೆ ಆ ಗಾಯ ಮಾಯುವುದೂ ಕಷ್ಟ. ಹಾಗೆಂದು ಫಂಗಸ್ಸನ್ನು ನಿರ್ಲಕ್ಷಿಸುವಂತೆಯೂ ಇಲ್ಲ, ಏಕೆಂದರೆ ಬಿರುಕುಬಿಟ್ಟ ಚರ್ಮದ ಮೂಲಕ ಬ್ಯಾಕ್ಟೀರಿಯಾ ಒಳಹೋಗಿ ಕಾಲೇ ಊದಿಕೊಳ್ಳಬಹುದು. ದಪ್ಪ ಉಗುರನ್ನು ಕತ್ತರಿಸುವ, ತೆಳುಮಾಡುವ ಕೆಲಸವನ್ನು ಪಾದದ ಆರೈಕೆಯಲ್ಲಿ ತರಬೇತಿ ಇರುವವರಿಗೆ ಬಿಡಿ. ಬೆರಳು ಕೆಂಪಾಗಿ ಬಿಸಿಯಾದರೆ, ಉಗುರಿನ ಪಕ್ಕದಲ್ಲಿ ಕೀವು ಕಂಡರೆ, ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.