ಕೀಪರ್ ಹುಡುಗ ಮತ್ತು ಹಿಂದಿನ ಗೋಲು: ಒಂದು ಆಪ್ತಸಲಹೆ ಪ್ರಕರಣ

ಮಹೇಶ (ಹೆಸರು, ಗುರುತಿನ ವಿವರ ಬದಲಿಸಿದ್ದೇನೆ) ಬಳ್ಳಾರಿಯ ಹದಿನೇಳರ ಹುಡುಗ. ಪಿಯುಸಿ ಓದು, ರಾತ್ರಿ ಅಪ್ಪನ ಜೀನ್ಸ್ ಹೊಲಿಗೆ ಕೆಲಸಕ್ಕೆ ನೆರವು, ಬೆಳಿಗ್ಗೆ ಬಿಸಿಲೇರುವ ಮೊದಲು ಓಣಿಯ ಗೆಳೆಯರ ಜೊತೆ ಫುಟ್‌ಬಾಲ್. ಅವನು ಗೋಲ್‌ಕೀಪರ್. ಖುಷಿಗೆ ಆಡುವವನು, ಆದರೆ ಆ ಖುಷಿಯೇ ಹೋಗಿತ್ತು. “ಮೇಡಂ, ಬಾಲ್ ಕಾಣ್ತೈತೆ, ಕೈ ಲೇಟಾಗಿ ಹೋಗ್ತಾವೆ. ಸ್ಲೋ ಆಗ್ಬಿಟ್ಟೀನಿ” ಅಂದ. ಧ್ಯಾನ ಮಾಡಿದರೆ ಕೈ ಚುರುಕಾಗುತ್ತದೆ ಎಂಬ ವಿಡಿಯೊ ನೋಡಿ ಬಂದಿದ್ದ.

ಮೊದಲು ಸ್ಕೇಲ್ ಪರೀಕ್ಷೆ ಮಾಡಿದೆವು. ಅವನ ಬೆರಳುಗಳ ನಡುವೆ ಸ್ಕೇಲ್ ಹಿಡಿದು, ಹೇಳದೆ ಕೈಬಿಡುವುದು. 20 ಸೆಂ.ಮೀ. ಜಾರುವಷ್ಟರಲ್ಲಿ ಹಿಡಿದರೆ ಸುಮಾರು 0.2 ಸೆಕೆಂಡ್. ಅವನು ಹೆಚ್ಚಿನ ಸಲ ಅಲ್ಲೇ ಹಿಡಿದ. ಆ ವಯಸ್ಸಿಗೆ ಇದು ಸಹಜ. ಆದರೆ ಒಮ್ಮೆ ತಪ್ಪಿದರೆ ಮುಂದಿನವೂ ಸಾಲಾಗಿ ತಪ್ಪುತ್ತಿದ್ದವು. ಏನು ಯೋಚಿಸುತ್ತಿದ್ದೆ ಎಂದು ಕೇಳಿದೆ. “ಹಿಂದಿಂದು ಬಿಟ್ನಲ್ಲ, ಅದೇ ತಲೆಯಾಗಿತ್ತು.”

ನನಗೆ ಬೇಕಿದ್ದ ಉತ್ತರ ಅದರಲ್ಲೇ ಇತ್ತು. ಪೆನಾಲ್ಟಿ ಗುರುತು ಗೋಲಿನಿಂದ 11 ಮೀಟರ್. ಗಂಟೆಗೆ 90 ಕಿ.ಮೀ. ವೇಗದ ಚೆಂಡು 0.44 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಕಂಡು ಕದಲುವುದಕ್ಕೇ ಅದರ ಅರ್ಧದಷ್ಟು ಹೊತ್ತು ಹೋದರೆ, 7.32 ಮೀಟರ್ ಅಗಲದ ಗೋಲನ್ನು ಬರೀ ಕೈಚುರುಕಿನಿಂದ ಯಾರೂ ಕಾಯಲಾರರು. ಒದೆಯುವವನ ಸೊಂಟ ಎತ್ತ ತಿರುಗಿದೆ, ಊರಿದ ಕಾಲು ಎತ್ತ ನೋಡುತ್ತಿದೆ ಎಂದು ಮೊದಲೇ ಗಮನಿಸಬೇಕು. ಹಿಂದಿನ ಗೋಲನ್ನೇ ಮೆಲುಕು ಹಾಕುವವನಿಗೆ ಅದು ಕಾಣುವುದಿಲ್ಲ.

ಹಾಗಾಗಿ ಅವನಿಗೆ ನೇರವಾಗಿ ಹೇಳಿದೆ: ನೀನು ವಿಡಿಯೊದಲ್ಲಿ ನೋಡಿದ ಧ್ಯಾನವಾಗಲಿ, ನಾನು ಕಲಿಸುವ ಮೈಂಡ್‌ಫುಲ್‌ನೆಸ್ (ಈ ಕ್ಷಣಕ್ಕೆ ಗಮನ ಕೊಡುವ ಅಭ್ಯಾಸ) ಆಗಲಿ ಕೈಯ ವೇಗಕ್ಕೆ ಔಷಧವಲ್ಲ. 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಟ್-ಜಿನ್ ಇದನ್ನು ತರಬೇತಿಯಾಗಿ ರೂಪಿಸಿದ್ದು ನೋವು, ಒತ್ತಡದಲ್ಲಿದ್ದ ರೋಗಿಗಳಿಗಾಗಿ. ಮನಸ್ಸು ಎಲ್ಲಿಗೋ ಹೋದದ್ದನ್ನು ಗುರುತಿಸಿ, ಬೈಯದೆ ವಾಪಸ್ ಕರೆತರುವುದೇ ಇದರ ಅಭ್ಯಾಸ. ದಿನಾ ಬೆಳಿಗ್ಗೆ ಹತ್ತು ನಿಮಿಷ ಕೂತು ಉಸಿರು ಗಮನಿಸು. ಮೈದಾನದಲ್ಲಿ ಗೋಲು ಬಿಟ್ಟ ಕೂಡಲೇ ಗ್ಲೌಸಿನ ಪಟ್ಟಿ ಬಿಚ್ಚಿ ಬಿಗಿ, ಉದ್ದಕ್ಕೆ ಉಸಿರು ಬಿಡು, ಪಾದ ನೆಲಕ್ಕೂರಿದ್ದನ್ನು ಗಮನಿಸು, ಆಮೇಲೆ ಚೆಂಡು ಎಲ್ಲಿದೆ ನೋಡು. ಆಟ ಮತ್ತೆ ಶುರುವಾಗುವುದರೊಳಗೆ ಇಷ್ಟೂ ಮುಗಿಯುತ್ತದೆ.

ಇದಕ್ಕಿಂತ ದೊಡ್ಡ ಮಾತು ನಿದ್ದೆಯದು. ಹೊಲಿಗೆ ಮುಗಿಸಿ, ಮೊಬೈಲ್ ನೋಡಿ ಮಲಗುವಾಗ ರಾತ್ರಿ ಒಂದು ಗಂಟೆ, ಬೆಳಿಗ್ಗೆ ಐದಕ್ಕೆ ಮೈದಾನ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ನಿದ್ದೆಗೆಟ್ಟರೆ ಪ್ರತಿಕ್ರಿಯೆ ನಿಧಾನವಾಗುವುದು ಖಚಿತ. ಅಪ್ಪನನ್ನು ಕರೆಸಿದೆ. ಆಟ ಬಿಡಿಸಿದರೆ ಸರಿಹೋಗುತ್ತಾನೆ ಎಂಬುದು ಅವರ ಎಣಿಕೆ. ಬಿಡಿಸಬೇಡಿ, ರಾತ್ರಿ ಹತ್ತಕ್ಕೆ ಹೊಲಿಗೆ ಮಿಷಿನ್ ಬಿಡಿಸಿ ಮಲಗಲು ಕಳಿಸಿ ಎಂದೆ. “ಆರ್ಡರ್ ಇದ್ದಾಗ ಆಗಲ್ರೀ ಮೇಡಂ, ಉಳಿದ ದಿನ ನೋಡ್ತೀನಿ” ಎಂದರು. ಆ ಮನೆಯ ದುಡಿಮೆ ಬಲ್ಲವಳಾಗಿ ಅಷ್ಟಕ್ಕೇ ಒಪ್ಪಿದೆ.

ಕೆಲ ವಾರಗಳ ಮೇಲೆ ಸ್ಕೇಲಿನ ಅಂಕಿ ಹೆಚ್ಚೇನೂ ಬದಲಾಗಿರಲಿಲ್ಲ. ಒಂದು ತಪ್ಪಿದ ಮೇಲೆ ಸಾಲಾಗಿ ತಪ್ಪುವುದು ಮಾತ್ರ ಕಡಿಮೆಯಾಗಿತ್ತು. ನಿದ್ದೆಯೂ ಅಭ್ಯಾಸವೂ ಒಟ್ಟಿಗೇ ಶುರುವಾದ್ದರಿಂದ ಶ್ರೇಯವನ್ನು ಧ್ಯಾನವೊಂದಕ್ಕೇ ಕೊಡಲಾರೆ. ಎರಡನ್ನೂ ಬಿಡಬೇಡ ಎಂದಿದ್ದೇನೆ.