ಪಂಪು ಆಮೇಲೆ, ಮೊದಲು ಬಾವಿ ತೋರಿಸಿ

ನಮಸ್ಕಾರ.

ಮಂದ ಕಚ್ಚಾ ಎಣ್ಣೆಯನ್ನು ಬಾವಿಯಿಂದ ಎತ್ತುವ ಬಗ್ಗೆ ನೀವು ಬರೆದ ‘ಹೆವಿ ಆಯಿಲ್ ಬಾವಿಗೆ ಯಾವ ಪಂಪು?’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಇದರೊಳಗೆ ಒಳ್ಳೆಯ ಲೇಖನವೊಂದು ಇದೆ. ನೀವೇ ಅದನ್ನು ಆರನೇ ಪುಟದಲ್ಲಿ ಹೂತಿಟ್ಟಿದ್ದೀರಿ.

ಮೊದಲ ಐದು ಪುಟ ಕಂಪನಿ ಕ್ಯಾಟಲಾಗ್ ಥರ ಇದೆ. ಮೂರು ಪಂಪು, ಒಂದು ಪಟ್ಟಿ, ಕೊನೆಗೆ ಸ್ಕ್ರೂ ಪಂಪಿಗೆ ಮೊದಲ ಬಹುಮಾನ. ಜೋನಿ ಬೆಲ್ಲದಂಥ ಎಣ್ಣೆಯನ್ನು ಮರಳಿನ ಸಮೇತ ಅದು ತಳ್ಳುತ್ತದೆ, ನಿಜ. ಕೆನಡಾದ ಲಾಯ್ಡ್‌ಮಿನ್‌ಸ್ಟರ್ ಸುತ್ತ ಅದಕ್ಕೇ ಅಷ್ಟು ಬೇಡಿಕೆ. ಆದರೆ ಅದರ ಸ್ಟೇಟರ್, ಅಂದರೆ ಸ್ಕ್ರೂ ಸುತ್ತುವ ಕೊಳವೆಯ ಒಳಗೆ ಇರುವುದು ರಬ್ಬರ್. ಆವಿ ಹಾಯಿಸಿದ ಬಾವಿಯಲ್ಲಿ ಬಿಸಿ 200 ಡಿಗ್ರಿ ದಾಟಿದರೆ ಮಾಮೂಲಿ ರಬ್ಬರಿನ ಗತಿ ಏನು? ನೀವೇ ಹೆಸರಿಸಿರುವ ಗುಜರಾತಿನ ಬಲೋಲ್, ಸಂಥಾಲ್‌ನಲ್ಲಿ ನೆಲದೊಳಕ್ಕೆ ಗಾಳಿ ಒತ್ತಿ ಸ್ವಲ್ಪ ಎಣ್ಣೆಯನ್ನು ಅಲ್ಲೇ ಉರಿಸುತ್ತಾರೆ, ಉಳಿದದ್ದು ಆ ಬಿಸಿಗೆ ತೆಳ್ಳಗಾಗಲಿ ಅಂತ. ಹಾಗೆ ಉರಿದಾಗ ಹುಟ್ಟುವ ಗ್ಯಾಸ್ ಬಾವಿಗೂ ಬರುತ್ತದೆ, ಪಂಪಿಗೂ ನುಗ್ಗುತ್ತದೆ. ಬಿಸಿ ಎಷ್ಟು, ಗ್ಯಾಸ್ ಎಷ್ಟು, ಮರಳು ಎಷ್ಟು ಎಂದು ಹೇಳದೆ ಬಹುಮಾನ ಹಂಚಿದರೆ ಹೇಗೆ?

ಸಬ್‌ಮರ್ಸಿಬಲ್ ಬಗ್ಗೆ ಒಂದೂವರೆ ಪುಟ ಬೇಡ. ಕೋಲಾರದ ಓದುಗರಿಗೆ ಬೋರ್‌ವೆಲ್ ಮೋಟರ್ ಚೆನ್ನಾಗಿ ಗೊತ್ತು, ಅಲ್ಲಿಂದಲೇ ಶುರು ಮಾಡಿ. ಪಂಪಿನ ಜಾತಿ ಅದೇ. ನೀರಿನ ಜಾಗದಲ್ಲಿ ಮಂದ ಎಣ್ಣೆ ಬಂದರೆ ಶಕ್ತಿಯೆಲ್ಲ ಕಡೆಯುವುದರಲ್ಲೇ ಹೋಗುತ್ತದೆ, ಎತ್ತುವುದು ಕಮ್ಮಿ. ಎರಡು ಸಾಲು ಸಾಕು ಅಲ್ವಾ?

ರಾಜಸ್ಥಾನದ ಬಾಡ್ಮೇರಿನ ಮಂಗಳಾ ಬಾವಿಗಳ ಉದಾಹರಣೆ ತೆಗೆಯಿರಿ. 2004ರಲ್ಲಿ ಸಿಕ್ಕ ಆ ಎಣ್ಣೆ ತಣ್ಣಗಾದರೆ ಹೆಪ್ಪುಗಟ್ಟುವುದು ಮೇಣದ ಅಂಶದಿಂದ. ಅದರ ಎಪಿಐ (ಎಣ್ಣೆ ಎಷ್ಟು ಹಗುರ ಎಂದು ಹೇಳುವ ಅಳತೆ, ಕಮ್ಮಿಯಾದಷ್ಟೂ ಎಣ್ಣೆ ಭಾರ) ಸುಮಾರು 27. ಹೆವಿ ಅನ್ನುವುದು ಸಾಮಾನ್ಯವಾಗಿ 22ಕ್ಕಿಂತ ಕೆಳಗಿದ್ದರೆ. ಹಾಗೇ, ಬಾವಿಯ ಮೇಲೆ ಕುದುರೆ ತಲೆಯ ಥರ ಏರಿಳಿಯುವ ಪಂಪಿನ ಭಾಗ ‘ಹಾರ್ಸ್‌ಹೆಡ್’ ಎಂಬುದನ್ನು ‘ಕುದುರೆಮುಖ’ ಎಂದು ಬರೆದಿದ್ದೀರಿ. ಓದುಗರು ನೇರ ಚಿಕ್ಕಮಗಳೂರಿಗೆ ಹೋಗಿಬಿಡುತ್ತಾರೆ.

ಈಗ ಆರನೇ ಪುಟ. ಮೇಲೆ ಹಾರ್ಸ್‌ಹೆಡ್ ಬಗ್ಗುತ್ತದೆ. ಕೆಳಗೆ, ಅದಕ್ಕೆ ತಂತಿಹಗ್ಗದಿಂದ ನೇತುಬಿದ್ದು ಬಾವಿಯೊಳಗಿನ ಪಂಪನ್ನು ಆಡಿಸುವ ನೂರಾರು ಮೀಟರ್ ರಾಡು ತನ್ನ ಭಾರಕ್ಕೇ ಇಳಿಯಬೇಕು, ಬೇರೆ ಯಾರೂ ತಳ್ಳುವುದಿಲ್ಲ. ಎಣ್ಣೆ ಬಿಡುವುದಿಲ್ಲ. ರಾಡು ಹಿಂದೆ ಬೀಳುತ್ತದೆ, ತಂತಿಹಗ್ಗ ಸಡಿಲಾಗುತ್ತದೆ. ಹಾರ್ಸ್‌ಹೆಡ್ ಮತ್ತೆ ಏಳುವಾಗ ದಡಕ್ಕನೆ ಜಗ್ಗುತ್ತದೆ. ‘ರಾತ್ರಿಪಾಳಿಯಲ್ಲಿ ಆ ಸದ್ದು ಕೇಳಿದರೆ ಚಹಾ ಬಿಟ್ಟು ಓಡುತ್ತಿದ್ದೆವು’ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನಾನು ನಿಂತು ಓದಿದ ಸಾಲು ಇದೊಂದೇ. ಇದರಿಂದ ಶುರು ಮಾಡಿ. ಸೇದುವ ಬಾವಿಗೆ ಕೊಡ ಇಳಿಸಿದವರಿಗೆ ಸಡಿಲ ಹಗ್ಗ ಅಂದರೆ ಏನು ಅಂತ ವಿವರಿಸಬೇಕಿಲ್ಲ. ರಾಡಿನ ಕಷ್ಟ ಗೊತ್ತಾದ ಮೇಲೆ, ರಾಡನ್ನು ಮೇಲೆಕೆಳಗೆ ಆಡಿಸದೆ ಬರೀ ತಿರುಗಿಸುವ ಸ್ಕ್ರೂ ಪಂಪು ಯಾಕೆ ಬಂತು ಅನ್ನುವುದು ತಾನಾಗೇ ತಿಳಿಯುತ್ತದೆ.

ಪಟ್ಟಿ ಬಿಟ್ಟು 900 ಪದಗಳಲ್ಲಿ ಮತ್ತೆ ಬರೆದು ಕಳಿಸಿ. ಒಂದು ಪ್ರಶ್ನೆ ಉಳಿದಿದೆ. ಆ ಬಾವಿಗೆ ಕೊನೆಗೆ ಏನು ಮಾಡಿದಿರಿ? ರಾಡಿನ ಸ್ಟ್ರೋಕ್ (ಏರಿಳಿತ) ಕಮ್ಮಿ ಮಾಡಿದಿರಾ, ತೆಳು ಎಣ್ಣೆ ಬೆರೆಸಿದಿರಾ, ಪಂಪನ್ನೇ ಬದಲಿಸಿದಿರಾ? ಅದನ್ನೇ ಹೇಳದೆ ಏಳನೇ ಪುಟಕ್ಕೆ ಹೋಗಿಬಿಟ್ಟಿದ್ದೀರಿ.