ಯಾದ್ವಿಗಾ, ಯಾದ್ವಿಗಿ: ಎರಡೂ ಒಂದೇ ಹೆಸರು

ಪೋಲಿಶ್ ಮಗುವಿನ ಸಮಾರಂಭಕ್ಕೆ ನಿಮಗೆ ಬಂದ ಆಮಂತ್ರಣದಲ್ಲಿ ಹೆಸರು ಯಾಕೆ ಬೇರೆ ಥರ ಇದೆ, ಅದರ ಅರ್ಥವೇನು ಅಂತ ಕೇಳಿದ್ದೀರಿ. ಅಲ್ಲಿ ‘ಯಾದ್ವಿಗಿ’ ಅಂತ ಇರೋದು ಬಹುಶಃ ವಿಭಕ್ತಿಯಿಂದ, ನಮ್ಮ ‘ಗೌರಿಯ ನಾಮಕರಣ’ದ ಹಾಗೆ. ಮಗುವಿನ ಹೆಸರು ಯಾದ್ವಿಗಾ. ಇನ್ನು ಅರ್ಥ. ಹೆಡ್ವಿಗ್ ಎಂಬ ಹಳೆಯ ಜರ್ಮನ್ ಹೆಸರಿನಿಂದ ಬಂದದ್ದು, ಅದರ ಎರಡೂ ಭಾಗಕ್ಕೆ ಕಾಳಗ ಎಂದೇ ಅರ್ಥ. ಗಾಬರಿ ಬೇಡ, ಪೋಲೆಂಡಿನವರಿಗೆ ಇದು ರಾಣಿ ಯಾದ್ವಿಗಾಳ ಹೆಸರು. 1384ರಲ್ಲಿ, ಇನ್ನೂ ಚಿಕ್ಕ ಹುಡುಗಿ, ಅಲ್ಲಿನ ಕ್ರಾಕುವ್ ನಗರದಲ್ಲಿ ‘ರಾಜ’ ಎಂಬ ಬಿರುದಿನಲ್ಲೇ ಪಟ್ಟಕ್ಕೇರಿದಳು. ಒಡವೆಗಳನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದಳು. ಎಂಥ ದೊಡ್ಡ ಮನಸ್ಸು ಅಲ್ವಾ! 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆಕೆಯನ್ನು ಸಂತಳೆಂದು ಘೋಷಿಸಿದರು.

ಉಡುಗೊರೆ ಚೀಟಿಯಲ್ಲಿ ಬರೀ ಹೆಸರು ಬರೆಯುವುದಾದರೆ ‘ಯಾದ್ವಿಗಾ’ ಸಾಕು. ‘ಯಾದ್ವಿಗಾಳಿಗಾಗಿ’ ಅನ್ನಬೇಕಾದರೆ ‘ದ್ಲಾ ಯಾದ್ವಿಗಿ’ ಎಂದು ಬರೆಯಿರಿ. ಆಮೇಲೆ ಪೋಲಿಶ್‌ನಲ್ಲಿ ಹೆಸರು J ಅಕ್ಷರದಿಂದ ಶುರುವಾದರೂ, ಕರೆಯುವಾಗ ಮೊದಲಕ್ಷರ ‘ಜ’ ಅಲ್ಲ, ‘ಯ’. ಮುದ್ದಿನ ಹೆಸರು ‘ಯಾಜಾ’ ಇರಬಹುದು, ಮನೆಯವರನ್ನು ಕೇಳಿಕೊಂಡೇ ಬಳಸಿ.